ಸಹಾಯ ಬೇಕು: ಈ ಚಾಕ್ ಭಾವಚಿತ್ರ ಯಾವ ಕಾಲದ್ದು?
ಲಂಡನ್ನಿನ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಭಾವಚಿತ್ರ ಕೊಂಡೆ. ಕಂದು ಕಾಗದದ ಮೇಲೆ ಕಪ್ಪು ಚಾಕ್, ತುಟಿ-ಕೆನ್ನೆಗೆ ಕೆಂಪು, ಮೂಗಿನ ತುದಿಗೂ ಕಾಲರಿಗೂ ಬಿಳಿ. ಸಹಿ ಇಲ್ಲ, ಚೀಟಿಯಲ್ಲಿ 'ಬ್ರಿಟಿಷ್, ಕಲಾವಿದ ಅಜ್ಞಾತ' ಅಂತಷ್ಟೇ. ಮುಖ ತುಂಬಾ ನಾಜೂಕು, ಕೋಟು ಮಾತ್ರ ಬರೀ ಗೀಚು. 19ನೇ ಶತಮಾನದಲ್ಲಿ ಜಾರ್ಜ್ ರಿಚ್ಮಂಡ್, ಸ್ಯಾಮ್ಯುಯೆಲ್ ಲಾರೆನ್ಸ್ ಇಂಥ ಚಾಕ್ ಭಾವಚಿತ್ರ ಬರೆಯುತ್ತಿದ್ದರು, ನಿಜ. ಅವರ ಹೆಸರು ಅಂಟಿಸುವ ಆಸೆ ನನಗಿಲ್ಲ (ಮಾರುವವನಿಗೆ ಇತ್ತು!). ಕಾಲ ಗೊತ್ತಾದರೆ ಸಾಕು.

ಬೆಳಕಿಗೆ ಹಿಡಿದರೆ ವಾಟ್‌ಮನ್‌ನಂಥ ಕಾಗದ ತಯಾರಕರ ಜಲಮುದ್ರೆ (ವಾಟರ್‌ಮಾರ್ಕ್), ಕೆಲವೊಮ್ಮೆ ವರ್ಷವೂ ಕಾಣುವುದುಂಟು. ಆದರೆ ಹಿಂದೆ ರಟ್ಟು ಅಂಟಿಸಿದ್ದಾರೆ. ಕಾಗದ ಸಂರಕ್ಷಣೆ ಬಲ್ಲವರು ಯಾರಾದರೂ ಇದ್ದೀರಾ? ಬಿಚ್ಚಿಸಿದರೆ ಚಾಕ್ ಉದುರುತ್ತದಾ? ಫಿಕ್ಸೆಟಿವ್ (ಚಾಕ್ ಉದುರದಂತೆ ಸಿಂಪಡಿಸುವ ದ್ರವ) ಹೊಡೆಯಿರಿ ಅನ್ನಬೇಡಿ, ಬಿಳಿ ಮಂಕಾಗುತ್ತದೆ. ಹತ್ತಿರದ ಫೋಟೊ ಬೇಕಿದ್ದರೆ ಹಾಕುತ್ತೇನೆ.