ಒಂದೇ ಮುಖದ ಎರಡು ಹೂಜಿ: ಲೀಮಾದಲ್ಲಿ ನೋಡಿದ್ದು

ಮಣ್ಣಿನಹುಚ್ಚಿ:
ಹೋದ ವಾರ ಪೆರುವಿನ ಲೀಮಾದಲ್ಲಿ ಲಾರ್ಕೊ ಮ್ಯೂಸಿಯಂ ನೋಡಿದೆ. ಅಲ್ಲಿ ಉಗ್ರಾಣದೊಳಗೂ ಬಿಡ್ತಾರೆ. ಗಾಜಿನ ಕಪಾಟುಗಳಲ್ಲಿ ಸಾಲು ಸಾಲು ಮಡಕೆ, ಒಂದು ಕಡೆ ಬರೀ ತಲೆಗಳು! ಉತ್ತರ ಕರಾವಳಿಯ ಮೋಚೆ ಜನ ಮಾಡಿದ್ದು, ಸಾವಿರದೈನೂರು ವರ್ಷ ಹಳೆಯವು. ಒಬ್ಬ ನಗ್ತಾನೆ, ಇನ್ನೊಬ್ಬ ಸಾಲ ಕೇಳಲು ಬಂದವನ ಹಾಗೆ ನೋಡ್ತಾನೆ. ಎರಡು ಹೂಜಿಗಳ ಮುಖ ಮಾತ್ರ ಪಡಿಯಚ್ಚು, ಬಣ್ಣದ ಪಟ್ಟೆ ಬೇರೆ. ಒಬ್ಬನೇ ಮನುಷ್ಯನಾ? ಅವರಲ್ಲಿ ತಿಗರಿಯೇ ಇರಲಿಲ್ಲವಂತೆ, ಮತ್ತೆ ಹೇಗೆ ಮಾಡಿದ್ರು?

ಆವಿಗೆ:
ನಾನೂ ಮಣ್ಣಿನ ಕೆಲಸದವನೇ. ಅದು ಅಚ್ಚಿನ ಕೆಲಸ. ಮೊದಲು ಒಂದು ತಲೆ ಕೈಯಲ್ಲಿ ತಿದ್ದಿ, ಅದರ ಮೇಲೆ ಮುಂದೊಂದು ಹಿಂದೊಂದು ಅಚ್ಚು ತೆಗೀತಿದ್ರು. ಅಚ್ಚಿನೊಳಗೆ ಹಸಿಮಣ್ಣು ಒತ್ತಿ, ಎರಡು ಹೋಳು ಕೂಡಿಸಿ, ಬೆಸುಗೆ ಉಜ್ಜಿಬಿಟ್ರೆ ಆಯ್ತು. ಒಡೆದ ಚೂರು ಸಿಕ್ಕರೆ ಒಳಮೈ ನೋಡಿ, ಒತ್ತಿದ ಬೆರಳಿನ ಗುರುತು ಹಾಗೇ ಇರುತ್ತೆ. ನನಗೆ ಹೊರಗಿನ ಮುಖಕ್ಕಿಂತ ಅದೇ ಇಷ್ಟ. ಬಣ್ಣ ಅಂದ್ರೆ ಕೆಂಪು, ಕೆನೆಬಿಳಿ ಮಣ್ಣಿನ ತಿಳಿ, ಸುಡುವ ಮೊದಲೇ ಬಳಿದದ್ದು. ಹಾಗಾಗಿ ಒಂದೇ ಅಚ್ಚಿನ ಮುಖಕ್ಕೆ ಬೇರೆ ಬೇರೆ ಅಲಂಕಾರ.

ಹಳೇಗಡಿಗೆ:
ಒಬ್ಬನೇ ಇರಬಹುದು. ಕ್ರಿಸ್ಟೋಫರ್ ಡಾನನ್ ಎಂಬ ಪುರಾತತ್ವಜ್ಞರು ಇಂಥ ಮುಖಗಳನ್ನೇ ಕೂಡಿಹಾಕಿ ಹೋಲಿಸಿದವರು. ಮೇಲ್ತುಟಿಯಲ್ಲಿ ಗಾಯದ ಕಲೆ ಇರುವ ಒಬ್ಬನನ್ನು ಅವರು ನಲವತ್ತಕ್ಕೂ ಹೆಚ್ಚು ಹೂಜಿಗಳಲ್ಲಿ ಗುರುತಿಸಿದ್ರು. ಹುಡುಗನಾಗಿದ್ದಾಗಿನವೂ ಇವೆ, ಬಲಿತ ಗಂಡಸಾದ ಮೇಲಿನವೂ ಇವೆ. ಬರವಣಿಗೆಯೇ ಇಲ್ಲದ ಜನ, ಅವನ ಹೆಸರು ಹೋಯ್ತು, ತುಟಿಯ ಕಲೆ ಉಳೀತು. ನಿಮ್ಮ ಫೋಟೋದಲ್ಲಿ ತುಟಿ ನೋಡಿ.

ಮಣ್ಣಿನಹುಚ್ಚಿ:
ನೋಡಿದೆ. ತುಟಿಯ ಜಾಗಕ್ಕೆ ಸರಿಯಾಗಿ ಗಾಜಿನ ಮೇಲೆ ನನ್ನ ಮೊಬೈಲಿನ ನೆರಳು. ಕರ್ಮ! ತಲೆಯ ಮೇಲೆ ಕಮಾನಿನ ಹಾಗೆ ಬಗ್ಗಿದ ಕೊಳವೆ, ಅದರ ನೆತ್ತಿಯಲ್ಲಿ ಮೂತಿ, ಅಷ್ಟು ಸ್ಪಷ್ಟ.

ಹಳೇಗಡಿಗೆ:
ಮೂತಿ ಕಂಡ್ರೆ ಸಾಕು. ಮ್ಯೂಸಿಯಂ ಕಟ್ಟಿದ ರಫಾಯೆಲ್ ಲಾರ್ಕೊ ಮೋಚೆ ಕಾಲವನ್ನು ಐದು ಹಂತ ಮಾಡಿದ್ದೇ ಆ ಮೂತಿಯ ಆಕಾರ ನೋಡಿ. ಅಂಚಿನಲ್ಲಿ ದಪ್ಪ ಪಟ್ಟಿ ಇದ್ರೆ ಹಳೆಯದು.

ಮಣ್ಣಿನಹುಚ್ಚಿ:
ಪಟ್ಟಿ ಇಲ್ಲ. ಉದ್ದಕ್ಕೆ, ನೆಟ್ಟಗೆ ಇದೆ, ಎರಡರಲ್ಲೂ.

ಹಳೇಗಡಿಗೆ:
ಹಾಗಾದ್ರೆ ನಾಲ್ಕನೇ ಹಂತ. ಮುಖದ ಹೂಜಿಗಳು ಹೆಚ್ಚಾಗಿ ಅಲ್ಲಿಯವೇ.