ಬ್ಲಾಗಿಗೆ ಯೂಟ್ಯೂಬ್ ವಿಡಿಯೊ: ಮೊಬೈಲಲ್ಲಿ ಕತ್ತರಿಸುತ್ತೆ, ಶಾರ್ಟ್ಸ್ ತೆರೆಯೋದೇ ಇಲ್ಲ

ಆಲೆಮನೆ_ಮಂಡ್ಯ
ನಮಸ್ಕಾರ. ಬ್ಲಾಗರ್‌ನಲ್ಲಿ ಬೆಲ್ಲ ಕಾಯಿಸೋದರ ಬಗ್ಗೆ ಒಂದು ಬರಹ, ಅದರೊಳಗೆ ಎರಡು ವಿಡಿಯೊ ಬೇಕು. ಮೊದಲನೇದು ಅಡ್ಡ ವಿಡಿಯೊ: ಕಂಪ್ಯೂಟರಲ್ಲಿ ಸರಿಯಾಗಿದೆ, ಮೊಬೈಲಲ್ಲಿ ಬಲಗಡೆ ಅರ್ಧ ಹೊರಗೆ ಹೋಗುತ್ತೆ. ಅದು ಪಾಕವನ್ನ ಅಚ್ಚಿಗೆ ಸುರಿಯೋ ಜಾಗದಿಂದ, ಅಂದ್ರೆ 2:35ರಿಂದ ಶುರುವಾಗಬೇಕು. ವಿಳಾಸದ ಕೊನೆಗೆ 'ಟಿ=155' ಹಾಕಿದರೂ ಮೊದಲಿಂದಲೇ ಓಡುತ್ತೆ. ಎರಡನೇದು ಗಾಣದ ಶಾರ್ಟ್ಸ್: ಬೂದು ಚೌಕದಲ್ಲಿ ಸಂಪರ್ಕ ನಿರಾಕರಿಸಿದೆ ಅಂತ ಬರುತ್ತೆ. ಇದಲ್ಲದೆ ಇನ್ನೊಂದು ಬರಹಕ್ಕೆ ಬೇರೆಯವರ ಚಾನೆಲ್‌ನ ವೈರಮುಡಿ ವಿಡಿಯೊ ಹಾಕಿದರೆ 'ವಿಡಿಯೊ ಲಭ್ಯವಿಲ್ಲ'. ಏನು ಮಾಡೋದು?

ಸರಸ್ವತಿಪುರಂ_ಸಾಲು
ಇಲ್ಲಿ ಕೋಡ್ ಅಂಟಿಸಿದರೆ ಪುಟವೇ ಅದನ್ನ ನುಂಗುತ್ತೆ, ಅದಕ್ಕೆ ಮಾತಲ್ಲೇ ಬರೀತೀನಿ. ನೀವು ಟೈಪ್ ಮಾಡುವಾಗ ಎಲ್ಲಾ ಇಂಗ್ಲಿಷ್ ಅಕ್ಷರದಲ್ಲೇ ಇರಲಿ.

ಯೂಟ್ಯೂಬಿನ ಶೇರ್ ಒತ್ತಿ ಎಂಬೆಡ್ ಆರಿಸಿದಾಗ ಸಿಗೋ ಐಫ್ರೇಮ್ (ಒಂದು ಪುಟದೊಳಗೆ ಇನ್ನೊಂದು ಪುಟ ತೋರಿಸೋ ಚೌಕಟ್ಟು) ಕೋಡಿನಲ್ಲಿ ಅಗಲ 560, ಎತ್ತರ 315 ಪಿಕ್ಸೆಲ್ ಅಂತ ಗಟ್ಟಿಯಾಗಿ ಬರೆದಿರುತ್ತೆ. ಮೊಬೈಲ್ ಪರದೆ ಸುಮಾರು 360 ಅಗಲ, ಉಳಿದ 200 ಎಲ್ಲಿಗೆ ಹೋಗಬೇಕು? ತುಂಬಾ ಜನ ಅಗಲವನ್ನ ಮಾತ್ರ 100% ಮಾಡಿ ಎತ್ತರ 315 ಹಾಗೇ ಬಿಡ್ತಾರೆ. ಆಗ ಕತ್ತರಿಸೋದು ನಿಲ್ಲುತ್ತೆ, ಆದರೆ 360 ಅಗಲಕ್ಕೆ ಬೇಕಾದ ಎತ್ತರ 202 ಮಾತ್ರ. ಮಿಕ್ಕಿದ್ದು ಮೇಲೆ ಕೆಳಗೆ ಕಪ್ಪು ಪಟ್ಟಿ. ಹಾಗಾಗಿ ವಿಡ್ತ್, ಹೈಟ್ ಎರಡನ್ನೂ ಅಳಿಸಿ. ಅದೇ ಜಾಗದಲ್ಲಿ ಒಂದು ಸ್ಟೈಲ್ ಹಾಕಿ: ವಿಡ್ತ್ 100%, ಆಸ್ಪೆಕ್ಟ್-ರೇಷಿಯೊ (ಅಗಲ-ಎತ್ತರದ ಅನುಪಾತ) 16/9. ಎತ್ತರವನ್ನ ಬ್ರೌಸರೇ ಲೆಕ್ಕ ಹಾಕಿಕೊಳ್ಳುತ್ತೆ.

ಇದನ್ನೆಲ್ಲ ಎಚ್‌ಟಿಎಂಎಲ್ ವ್ಯೂನಲ್ಲೇ ಮಾಡಬೇಕು. ಬರೆಯೋ ಪೆಟ್ಟಿಗೆಯ ಎಡಮೂಲೆಯಲ್ಲಿರೋ ಪೆನ್ಸಿಲ್ ಗುರುತು ಒತ್ತಿದರೆ ಸಿಗುತ್ತೆ. ಕಂಪೋಸ್ ವ್ಯೂನಲ್ಲಿ ಅಂಟಿಸಿದರೆ ವಿಡಿಯೊ ಬದಲು ಕೋಡೇ ಅಕ್ಷರವಾಗಿ ಕಾಣುತ್ತೆ. ಕೋಡನ್ನ ವರ್ಡ್ ಫೈಲಿನಲ್ಲಿ ಇಟ್ಟು ತಿದ್ದೋ ಅಭ್ಯಾಸ ಇದ್ದರೆ ಬಿಡಿ. ಅದು ನೇರ ಉದ್ಧರಣ ಚಿಹ್ನೆಗಳನ್ನ ಬಾಗಿದ ಚಿಹ್ನೆ ಮಾಡಿಬಿಡುತ್ತೆ, ಐಫ್ರೇಮಿಗೆ ವಿಳಾಸ ಎಲ್ಲಿ ಶುರು ಎಲ್ಲಿ ಮುಗಿತು ಅಂತಲೇ ತಿಳಿಯಲ್ಲ. ನೋಟ್‌ಪ್ಯಾಡ್ ಸಾಕು.

2:35 ವಿಷಯ: 'ಟಿ' ನಡೆಯೋದು ಶೇರ್ ಲಿಂಕಿನಲ್ಲಿ. ಎಂಬೆಡ್ ವಿಳಾಸಕ್ಕೆ 'ಸ್ಟಾರ್ಟ್=155' ಬೇಕು, ಪೂರ್ತಿ ಸೆಕೆಂಡಿನಲ್ಲಿ. ಇನ್ನೊಂದು ತೊಡಕಿದೆ ನೋಡಿ. ಈಗಿನ ಕೋಡಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿ 'ಎಸ್‌ಐ=' ಅಂತ ಒಂದು ಬಾಲ ಆಗಲೇ ಇರುತ್ತೆ. ಒಂದು ವಿಳಾಸಕ್ಕೆ ಪ್ರಶ್ನೆ ಚಿಹ್ನೆ ಒಂದೇ ಸಲ. ಎರಡನೇ ಸಂಗತಿಯಿಂದ ಆಂಪರ್ಸಂಡ್ (&) ಹಾಕಬೇಕು. ಆ ಬಾಲವನ್ನ ಕಿತ್ತರೂ ವಿಡಿಯೊಗೆ ಏನೂ ಆಗಲ್ಲ, ಕಿತ್ತೇ ಬಿಡಿ. ಅಚ್ಚಿಗೆ ಸುರಿದು ಮುಗಿದ ಕೂಡಲೇ ನಿಲ್ಲಬೇಕಾದರೆ 'ಎಂಡ್=' ಕೂಡ ಇದೆ.

ಮದ್ದೂರ್‌ವಡೆ
ಶಾರ್ಟ್ಸ್‌ಗೆ ಉತ್ತರ ಸಲೀಸು. ಯೂಟ್ಯೂಬ್ ತನ್ನ ಮಾಮೂಲಿ ಪುಟಗಳನ್ನ ಬೇರೆ ಸೈಟಿನ ಐಫ್ರೇಮ್ ಒಳಗೆ ತೆರೆಯೋಕೆ ಬಿಡಲ್ಲ, 'ವಾಚ್' ಇದ್ದರೂ ಅಷ್ಟೇ 'ಶಾರ್ಟ್ಸ್' ಇದ್ದರೂ ಅಷ್ಟೇ. ವಿಳಾಸದಲ್ಲಿ 'ಶಾರ್ಟ್ಸ್' ತೆಗೆದು 'ಎಂಬೆಡ್' ಬರೆಯಿರಿ, ಮುಂದಿನ 11 ಅಕ್ಷರದ ಗುರುತು ಹಾಗೇ ಇರಲಿ. ಆಸ್ಪೆಕ್ಟ್-ರೇಷಿಯೊ 9/16, ಮ್ಯಾಕ್ಸ್-ವಿಡ್ತ್ 315 ಪಿಕ್ಸೆಲ್. ಈ ಮಿತಿ ಹಾಕದಿದ್ದರೆ ಕಂಪ್ಯೂಟರಲ್ಲಿ ಗಾಣ ಎರಡು ಪರದೆ ಉದ್ದ ನಿಲ್ಲುತ್ತೆ.

ವೈರಮುಡಿ ವಿಡಿಯೊ ಮಾತ್ರ ನಿಮ್ಮ ಕೈಲಿಲ್ಲ. ಸಂದೇಶದ ಕೆಳಗಿನ ಸಾಲು ಓದಿ. ಮಾಲೀಕರು ಬೇರೆ ಸೈಟಿನಲ್ಲಿ ತಡೆದಿದ್ದಾರೆ ಅಂತ ಇದ್ದರೆ ಅವರೇ ಯೂಟ್ಯೂಬ್ ಸ್ಟುಡಿಯೊಗೆ ಹೋಗಿ, ವಿಡಿಯೊದ ವಿವರದಲ್ಲಿ ಇನ್ನಷ್ಟು ತೋರಿಸು ಒತ್ತಿ, ಎಂಬೆಡಿಂಗ್ ಅನುಮತಿಯ ಟಿಕ್ ಹಾಕಬೇಕು. ಕಾಮೆಂಟಿನಲ್ಲಿ ಕೇಳಿ ನೋಡಿ. ಆಗದಿದ್ದರೆ ಬರೀ ಲಿಂಕ್ ಕೊಡಿ. ಡೌನ್‌ಲೋಡ್ ಮಾಡಿ ನಿಮ್ಮ ಚಾನೆಲ್‌ಗೆ ಏರಿಸೋ ಕೆಲಸ ಬೇಡ, ಕಾಪಿರೈಟ್ ದೂರು ಬಂದರೆ ಬೆಲ್ಲದ ವಿಡಿಯೊಗಳಿರೋ ಚಾನೆಲ್‌ಗೇ ಪೆಟ್ಟು. ನಿಮ್ಮದೇ ವಿಡಿಯೊಗಳನ್ನ 'ಪ್ರೈವೇಟ್' ಇಟ್ಟರೆ ಓದುಗರಿಗೆ ಕಾಣಲ್ಲ. 'ಅನ್‌ಲಿಸ್ಟೆಡ್' ಆದರೆ ಬ್ಲಾಗಿನಲ್ಲಿ ಓಡುತ್ತೆ, ಯೂಟ್ಯೂಬ್ ಹುಡುಕಾಟದಲ್ಲಿ ಬರಲ್ಲ.

ಆಲೆಮನೆ_ಮಂಡ್ಯ
ಕತ್ತರಿಸೋದು, 2:35, ಶಾರ್ಟ್ಸ್ ಮೂರೂ ಸರಿಹೋದವು. ಇನ್ನೆರಡು ಪ್ರಶ್ನೆ. ಪುಟವನ್ನ ಡೆಸ್ಕ್‌ಟಾಪಿನಲ್ಲಿ ಫೈಲ್ ಮಾಡಿ ತೆರೆದರೆ 'ದೋಷ 153' ಬರುತ್ತೆ. ಹಾಗೇ, ವಿಡಿಯೊ ಮುಗಿದ ಮೇಲೆ ಯಾರ್ಯಾರದೋ ವಿಡಿಯೊ ತೋರಿಸೋದನ್ನ ನಿಲ್ಲಿಸಬಹುದಾ?

ಸರಸ್ವತಿಪುರಂ_ಸಾಲು
153 ಅಂದ್ರೆ ವಿಡಿಯೊ ಯಾವ ಸೈಟಿನಿಂದ ಕೇಳ್ತಿದ್ದಾರೆ ಅನ್ನೋದು ಯೂಟ್ಯೂಬಿಗೆ ತಿಳಿದಿಲ್ಲ ಅಂತ. ಡೆಸ್ಕ್‌ಟಾಪಿನ ಫೈಲಿಗೆ ಸೈಟಿನ ಹೆಸರೇ ಇಲ್ಲವಲ್ಲ, ಅಲ್ಲಿ ಬರೋದು ಸಹಜ. ಬ್ಲಾಗರಿನ ಪ್ರಿವ್ಯೂನಲ್ಲೇ ಪರೀಕ್ಷೆ ಮಾಡಿ. ಪ್ರಕಟವಾದ ಪುಟದಲ್ಲೂ ಬಂದರೆ ಥೀಮಿನಲ್ಲಿ 'ನೋ-ರೆಫರರ್' ಅಂತ, ಅಂದ್ರೆ ಸೈಟಿನ ಹೆಸರು ಕಳಿಸಬೇಡ ಅನ್ನೋ ಮೆಟಾ ಸಾಲು ಇದೆಯಾ ಹುಡುಕಿ. ಐಫ್ರೇಮ್ ಒಳಗೆ ರೆಫರರ್‌ಪಾಲಿಸಿ 'ಸ್ಟ್ರಿಕ್ಟ್-ಆರಿಜಿನ್-ವೆನ್-ಕ್ರಾಸ್-ಆರಿಜಿನ್' ಇದ್ದರೆ ಆ ಸಾಲನ್ನೂ ಮೀರಿ ನಡೆಯುತ್ತೆ. ಯೂಟ್ಯೂಬ್ ಈಗ ಕೊಡೋ ಕೋಡಿನಲ್ಲಿ ಇದು ಸೇರಿರುತ್ತೆ. ಹಳೇ ಬರಹಗಳ ಕೋಡಿನಲ್ಲಿ ಇರಲ್ಲ.

ಸಲಹೆ ವಿಡಿಯೊಗಳನ್ನ ಪೂರ್ತಿ ನಿಲ್ಲಿಸೋಕಾಗಲ್ಲ. 'ಆರ್‌ಇಎಲ್=0' ಅಂತ ಎಂಬೆಡ್ ವಿಳಾಸಕ್ಕೆ ಹಾಕಿದರೆ ಒಂದೂ ಬರಲ್ಲ ಅಂತ ಹೇಳೋ ಲೇಖನಗಳೆಲ್ಲ 2018ಕ್ಕೆ ಮುಂಚಿನವು. ಆಮೇಲಿಂದ ಅದರ ಅರ್ಥ ಅದೇ ಚಾನೆಲ್‌ನ ವಿಡಿಯೊಗಳನ್ನ ತೋರಿಸು ಅಂತ. ನಿಮ್ಮದೇ ಚಾನೆಲ್ ಆದ್ದರಿಂದ ಅದು ನಷ್ಟವೇನಲ್ಲ.

ಮದ್ದೂರ್‌ವಡೆ
ಕೇಳದೇ ಇದ್ದರೂ ಒಂದು ಮಾತು. ಓದುಗರಲ್ಲಿ ತುಂಬಾ ಜನ ಮಂಡ್ಯ–ಮೈಸೂರು ರೈಲಲ್ಲಿ, ಬಸ್ಸಲ್ಲಿ ಕೂತು ಮೊಬೈಲಲ್ಲಿ ತೆರೆಯೋರು. ಯಾರೂ ಪ್ಲೇ ಒತ್ತದಿದ್ದರೂ ಪ್ರತಿ ಐಫ್ರೇಮ್ ಪ್ಲೇಯರಿನ ಸಾಮಾನನ್ನೆಲ್ಲ ಇಳಿಸಿಕೊಳ್ಳುತ್ತೆ. ಐಫ್ರೇಮಿಗೆ 'ಲೋಡಿಂಗ್=ಲೇಜಿ' ಸೇರಿಸಿ, ಓದುಗರು ಅಲ್ಲಿಗೆ ಸ್ಕ್ರಾಲ್ ಮಾಡಿಕೊಂಡು ಬರೋ ತನಕ ಅದು ಸುಮ್ಮನಿರುತ್ತೆ. ಒಂದೇ ಪುಟದಲ್ಲಿ ಏಳೆಂಟು ವಿಡಿಯೊ ಇದ್ದರೆ ಐಫ್ರೇಮ್ ಬಿಟ್ಟು ಥಂಬ್‌ನೇಲ್ ಚಿತ್ರಕ್ಕೆ (ವಿಡಿಯೊದ ಪುಟ್ಟ ಮುಖಚಿತ್ರ) ಲಿಂಕ್ ಕೊಡೋದೇ ಮೇಲು. ಯೂಟ್ಯೂಬ್ ಆ ಚಿತ್ರವನ್ನ ಬೇರೆ ಬೇರೆ ಅಳತೆಯಲ್ಲಿ ಇಟ್ಟಿರುತ್ತೆ. 'ಎಚ್‌ಕ್ಯುಡಿಫಾಲ್ಟ್' ಹೆಸರಿನ ಚಿತ್ರ 480×360 ಇರೋದರಿಂದ ಅಡ್ಡ ವಿಡಿಯೊಗೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತೆ; 'ಎಂಕ್ಯುಡಿಫಾಲ್ಟ್' 320×180, ಪಟ್ಟಿ ಇಲ್ಲ, ಮೊಬೈಲಿಗೆ ಧಾರಾಳ ಸಾಕು.