ತುಮಕೂರಿನಲ್ಲಿ ಮನೆ ಮಾಡಲು ಯಾವ ಬಡಾವಣೆ ಅನುಕೂಲ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿರುವ ನನಗೆ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿದ್ದು, ಮುಂದಿನ ತಿಂಗಳು ಸಂಸಾರ ಸಮೇತ ತುಮಕೂರಿಗೆ ಬರಬೇಕಾಗಿದೆ. ನನ್ನ ಪತ್ನಿ ವಾರಕ್ಕೆರಡು ದಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರಬೇಕಿರುವುದರಿಂದ ಅವರಿಗೆ ಕ್ಯಾತ್ಸಂದ್ರವೇ ಹಿತವೆನಿಸಿದೆ. ತಟ್ಟೆ ಇಡ್ಲಿಯ ಸೆಳೆತ ನನಗೂ ಇಲ್ಲದಿಲ್ಲ. ಆದರೆ ಅದು ಬೆಂಗಳೂರಿನ ದಿಕ್ಕಿಗೆ, ನನ್ನ ಕೆಲಸ ಶಿರಾದ ದಿಕ್ಕಿಗೆ ಇರುವುದರಿಂದ ದಿನವೂ ಊರು ದಾಟಿಯೇ ಹೋಗಬೇಕಾಗುತ್ತದೆ. ಶಿರಾ ಗೇಟ್ ಬಳಿ ಮನೆ ಹಿಡಿದರೆ ನನಗೆ ಸುಲಭ, ಅವರಿಗೆ ಕಷ್ಟ. ನಡುವಿನ ದಾರಿಯೆಂದು ಎಸ್‌ಐಟಿ ಬಡಾವಣೆಯನ್ನೂ ನೋಡಿದೆವು, ಬಾಡಿಗೆ ನಮ್ಮ ಕೈಗೆಟಕುವಂತೆ ಕಾಣಲಿಲ್ಲ.

ನನ್ನ ದೊಡ್ಡ ಚಿಂತೆ ನೀರಿನದು. ನೋಡಿದ ಒಂದು ಮನೆಯಲ್ಲಿ ಸಂಪಿನ ಮುಚ್ಚಳ ತೆಗೆಸಿದಾಗ ತಳದಲ್ಲಿ ಗೇಣುದ್ದ ನೀರಿತ್ತು. ಮಾಲೀಕರು ಹೇಮಾವತಿ ನೀರು ಬರುತ್ತದೆ ಎಂದರೇ ಹೊರತು, ಎಷ್ಟು ದಿನಕ್ಕೊಮ್ಮೆ ಎಂದು ಕೇಳಿದಾಗ ಅಡ್ವಾನ್ಸಿನ ಮಾತಿಗೆ ಹೊರಳಿದರು.

ಈ ಮೂರು ಕಡೆ ವಾಸವಿರುವವರು, ಬೇಸಿಗೆಯಲ್ಲಿ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೋರ್‌ವೆಲ್ ನೀರು ಎಷ್ಟು ಗಡಸು, ರಾತ್ರಿ ಪಾಳಿ ಮುಗಿಸಿ ಬರುವವರಿಗೆ ವಾಹನ ಸಿಗುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಿ. ಮೊಣಕಾಲು ನೋವಿರುವ ತಾಯಿಯವರು ಜೊತೆಗಿರುವುದರಿಂದ ನೆಲಮಹಡಿಯ ಮನೆ ಖಾಲಿ ಇರುವುದು ಗೊತ್ತಿದ್ದರೆ ಅದನ್ನೂ ಹೇಳಿ.